ಸರ್ ಅಲೆಕ್ಸಾಂಡರ್ ಫ್ಲೆಮಿಂಗ್: ಔಷಧವೂ ಎಚ್ಚರವೂ

ಮಹನೀಯರ ಚರಿತ್ರೆಯನ್ನು ಓದುವಾಗ ಅವರು ಲೋಕಕ್ಕೆ ಏನನ್ನು ಕೊಟ್ಟರೆಂಬುದನ್ನು ನಾವು ನೆನಪಿಡುತ್ತೇವೆ. ಕೊಡುವಾಗ ಏನೆಂದು ಎಚ್ಚರಿಸಿದರೆಂಬುದನ್ನು ಮರೆತುಬಿಡುತ್ತೇವೆ. ಪೆನಿಸಿಲಿನ್ನನ್ನು ಕಂಡುಹಿಡಿದ ಸರ್ ಅಲೆಕ್ಸಾಂಡರ್ ಫ್ಲೆಮಿಂಗರ ವಿಷಯದಲ್ಲಿ ಹೀಗೆಯೇ ಆಗಿದೆ. ಅವರ ಹೆಸರನ್ನು ಶಾಲೆಯ ಮಕ್ಕಳೂ ಬಲ್ಲರು. ಆದರೆ ತಮ್ಮ ಔಷಧವನ್ನು ಅಳತೆಯಿಲ್ಲದೆ ಬಳಸಿದರೆ ಅದರ ಬಲವೇ ಕುಂದೀತೆಂದು ಅವರು 1945ರಲ್ಲಿಯೇ ಸಾರಿದ್ದರೆಂಬುದು ಬಹು ಮಂದಿಗೆ ತಿಳಿಯದು. ಕಳೆದ ವರ್ಷದವರೆಗೆ ನನಗೂ ತಿಳಿದಿರಲಿಲ್ಲ. ಕಲಾ ವಿಭಾಗದ ವಿದ್ಯಾರ್ಥಿಯಾದ ನಾನು ವೈದ್ಯವಿಜ್ಞಾನಿಯೊಬ್ಬರ ಚರಿತ್ರೆಯನ್ನು ಬರೆಯಹೊರಟಿರುವುದಕ್ಕೆ ನಮ್ಮ ಮನೆಯಲ್ಲಿ ನಡೆದ ಒಂದು ಸಂಗತಿಯೇ ಕಾರಣ. ಅದನ್ನು ಅದರ ಸ್ಥಳದಲ್ಲಿ ಹೇಳುತ್ತೇನೆ. ಮೊದಲು ಆ ಮಹನೀಯರ ಬಾಳನ್ನು ನೋಡೋಣ.

ಫ್ಲೆಮಿಂಗರು 1881ನೆಯ ಇಸವಿ ಆಗಸ್ಟ್ 6ರಂದು ಸ್ಕಾಟ್ಲೆಂಡಿನ ಏರ್‌ಷೈರ್ ಸೀಮೆಯ ಡಾರ್ವೆಲ್ ಎಂಬ ಊರಿನ ಬಳಿ, ಲಾಕ್‌ಫೀಲ್ಡ್ ಎಂಬ ಹೊಲಮನೆಯಲ್ಲಿ ಜನಿಸಿದರು. ತಂದೆ ಹ್ಯೂ ಫ್ಲೆಮಿಂಗರು ಒಕ್ಕಲುತನ ಮಾಡಿಕೊಂಡಿದ್ದವರು. ತಾಯಿ ಗ್ರೇಸ್ ಮಾರ್ಟನ್ ಅವರ ಎರಡನೆಯ ಪತ್ನಿ. ಬಾಲಕನಿಗೆ ಏಳು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ಗುಡ್ಡಗಾಡಿನ ಆ ಒಂಟಿ ಮನೆಯ ಮಕ್ಕಳು ನಡೆದುಕೊಂಡೇ ಶಾಲೆಗೆ ಹೋಗಬೇಕಾಗಿತ್ತು. ಹಳ್ಳ, ಹಕ್ಕಿ, ಮೊಲ, ಮೀನು ಇವೇ ಅವರ ಮೊದಲ ಪಾಠಗಳು. ಕಣ್ಣಿಗೆ ಬಿದ್ದ ಸಣ್ಣ ವ್ಯತ್ಯಾಸವನ್ನೂ ಬಿಡದೆ ಗಮನಿಸುವ ಅಭ್ಯಾಸ ಅವರಿಗೆ ಅಲ್ಲಿಯೇ ಬಂದಿರಬೇಕು.

ಕಿಲ್ಮಾರ್ನಾಕ್ ಪಟ್ಟಣದ ಶಾಲೆಯಲ್ಲಿ ಓದಿದ ಮೇಲೆ ಹುಡುಗ ಲಂಡನ್ನಿಗೆ ಬಂದನು. ಅಣ್ಣ ಟಾಮ್ ಅಲ್ಲಿ ವೈದ್ಯರಾಗಿದ್ದರು. ಅಲೆಕ್ಸಾಂಡರರಿಗೆ ಮಾತ್ರ ಆಗ ವೈದ್ಯಶಿಕ್ಷಣದ ಯೋಗವಿರಲಿಲ್ಲ. ಪಾಲಿಟೆಕ್ನಿಕ್ ಶಾಲೆಯಲ್ಲಿ ಕೆಲಕಾಲ ಕಲಿತು, ಹಡಗಿನ ಕಂಪನಿಯೊಂದರ ಕಚೇರಿಯಲ್ಲಿ ನಾಲ್ಕು ವರ್ಷ ಗುಮಾಸ್ತಗಿರಿ ಮಾಡಿದರು. 1901ರಲ್ಲಿ ಚಿಕ್ಕಪ್ಪನೊಬ್ಬನ ಆಸ್ತಿಯಲ್ಲಿ ಸ್ವಲ್ಪ ಹಣ ಪಾಲಿಗೆ ಬಂದಿತು. ಅಣ್ಣನ ಸಲಹೆಯಂತೆ ಆ ಹಣದಿಂದ ಅವರು ಲಂಡನ್ನಿನ ಸೇಂಟ್ ಮೇರಿ ಆಸ್ಪತ್ರೆಯ ವೈದ್ಯಶಾಲೆಯನ್ನು ಸೇರಿದರು. ಆ ಶಾಲೆಯನ್ನೇ ಆರಿಸಿದ್ದಕ್ಕೆ ಇದ್ದ ಕಾರಣ ಸ್ವಾರಸ್ಯವಾದುದು: ಹಿಂದೊಮ್ಮೆ ಅದರ ತಂಡದೊಡನೆ ಅವರು ವಾಟರ್ ಪೋಲೋ ಆಡಿದ್ದರು! 1906ರಲ್ಲಿ ಪದವಿ ಪಡೆದರು. ಅವರು ಒಳ್ಳೆಯ ಗುರಿಕಾರರಾಗಿದ್ದುದರಿಂದ ಆಸ್ಪತ್ರೆಯ ಬಂದೂಕು ತಂಡದ ನಾಯಕರಿಗೆ ಅವರನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಹೀಗಾಗಿ ಸರ್ ಆಲ್ಮ್‌ರಾತ್ ರೈಟರ ಸಂಶೋಧನ ವಿಭಾಗದಲ್ಲಿ ಅವರಿಗೊಂದು ಸ್ಥಾನ ದೊರಕಿತು. ಬಾಳಿನ ಉಳಿದ ಭಾಗವನ್ನೆಲ್ಲ ಅವರು ಆ ಆಸ್ಪತ್ರೆಯಲ್ಲಿಯೇ ಕಳೆದರೆನ್ನಬಹುದು.

1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾಯಿತು. ರೈಟರೂ ಫ್ಲೆಮಿಂಗರೂ ಫ್ರಾನ್ಸಿನ ಬುಲೋನ್ ಪಟ್ಟಣಕ್ಕೆ ಹೋಗಿ ಪ್ರಯೋಗಶಾಲೆಯನ್ನು ಹೂಡಿದರು. ಗುಂಡಿನ ಚೂರು, ಮಣ್ಣು, ಬಟ್ಟೆಯ ಎಳೆ ಎಲ್ಲವೂ ಒಳಹೊಕ್ಕು ಕೊಳೆತ ಗಾಯಗಳೊಡನೆ ಸಿಪಾಯಿಗಳು ಬರುತ್ತಿದ್ದರು. ಶಸ್ತ್ರವೈದ್ಯರು ಆ ಗಾಯಗಳಿಗೆ ಕಾರ್ಬಾಲಿಕ್ ಆಮ್ಲದಂತಹ ತೀಕ್ಷ್ಣವಾದ ಕ್ರಿಮಿನಾಶಕ ದ್ರಾವಣಗಳನ್ನು ಸುರಿಯುತ್ತಿದ್ದರು. ಫ್ಲೆಮಿಂಗರು ಗಾಜಿನ ಕೊಳವೆಯನ್ನು ಕಾಸಿ, ಮುಳ್ಳುಮುಳ್ಳಾಗಿ ಎಳೆದು, ಗಾಯದ ಸಂದುಗೊಂದುಗಳ ಮಾದರಿಯೊಂದನ್ನು ಮಾಡಿದರು. ಅದರಲ್ಲಿ ರೋಗಾಣುಗಳನ್ನು ಬೆಳೆಸಿ, ದ್ರಾವಣದಿಂದ ತೊಳೆದು ನೋಡಿದರು. ಮೂಲೆಗಳಲ್ಲಿ ಅಡಗಿದ ರೋಗಾಣುಗಳು ಉಳಿದುಕೊಂಡು ಮತ್ತೆ ಬೆಳೆದವು. ಅಷ್ಟೇ ಅಲ್ಲ, ಆ ದ್ರಾವಣವು ರೋಗಾಣುಗಳಿಗಿಂತ ಮೊದಲು ರೋಗಿಯ ರಕ್ಷಕರಾದ ಬಿಳಿಯ ರಕ್ತಕಣಗಳನ್ನೇ ಕೊಲ್ಲುತ್ತಿತ್ತು. ಕೊಳೆತ ಭಾಗವನ್ನು ಕತ್ತರಿಸಿ ತೆಗೆದು, ಉಪ್ಪುನೀರಿನಿಂದ ತೊಳೆದು, ಗಾಯವನ್ನು ಶುಚಿಯಾಗಿಡುವುದೇ ಮೇಲೆಂದು ಇವರು ತೋರಿಸಿಕೊಟ್ಟರು.

ಪ್ರಮಾಣ ಕಣ್ಣೆದುರಿಗೇ ಇದ್ದರೂ ಬಹು ಮಂದಿ ಶಸ್ತ್ರವೈದ್ಯರು ಹಳೆಯ ಪದ್ಧತಿಯನ್ನು ಬಿಡಲಿಲ್ಲ. ಅವರು ಕೆಟ್ಟವರೂ ಅಲ್ಲ, ಅಜ್ಞಾನಿಗಳೂ ಅಲ್ಲ. ನರಳುವವನ ಮುಂದೆ ನಿಂತವನಿಗೆ ಏನಾದರೊಂದು ಮಾಡಲೇಬೇಕೆನಿಸುತ್ತದೆ. ದ್ರಾವಣ ಸುರಿದರೆ ಏನೋ ಮಾಡಿದಂತಾಗುತ್ತದೆ. ಕೈತಡೆದು ನಿಲ್ಲುವುದು ಕಷ್ಟ. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು. ಇಂದಿನ ನಮ್ಮ ಆಸ್ಪತ್ರೆಗಳ ಹೊರರೋಗಿ ವಿಭಾಗದಲ್ಲಿ ನಡೆಯುತ್ತಿರುವುದೂ ಬಹುಮಟ್ಟಿಗೆ ಇದೇ.

ಯುದ್ಧದ ನಡುವೆ, 1915ರಲ್ಲಿ, ಫ್ಲೆಮಿಂಗರು ಸಾರಾ ಮೆಕೆಲ್ರಾಯ್ ಎಂಬ ಐರಿಷ್ ದಾದಿಯನ್ನು ವಿವಾಹವಾದರು. ಯುದ್ಧ ಮುಗಿದ ಮೇಲೆ ಸೇಂಟ್ ಮೇರಿಗೆ ಹಿಂತಿರುಗಿ, ದೇಹಕ್ಕೆ ಕೇಡು ಮಾಡದೆ ರೋಗಾಣುವನ್ನು ಮಾತ್ರ ಕೊಲ್ಲುವ ವಸ್ತು ಯಾವುದೆಂದು ಹುಡುಕತೊಡಗಿದರು. ನೆಗಡಿಯಾಗಿದ್ದಾಗ ತಮ್ಮ ಮೂಗಿನ ಸಿಂಬಳವನ್ನೇ ಪರೀಕ್ಷಿಸಿ, 1921ರಲ್ಲಿ ಲೈಸೋಜೈಮ್ ಎಂಬ ವಸ್ತುವನ್ನು ಕಂಡರು. ಅದು ಕಣ್ಣೀರಿನಲ್ಲಿಯೂ ಜೊಲ್ಲಿನಲ್ಲಿಯೂ ಮೊಟ್ಟೆಯ ಬಿಳಿಯಲ್ಲಿಯೂ ಇದೆ. ಆದರೆ ಕಠಿಣ ರೋಗಗಳನ್ನು ತರುವ ರೋಗಾಣುಗಳ ಮೇಲೆ ಅದರ ಆಟ ನಡೆಯಲಿಲ್ಲ.

1928ರ ಸೆಪ್ಟೆಂಬರ್ 3ರಂದು ರಜೆ ಮುಗಿಸಿ ಬಂದ ಫ್ಲೆಮಿಂಗರು ಮೇಜಿನ ಮೇಲೆ ಬಿಟ್ಟುಹೋಗಿದ್ದ ಗಾಜಿನ ತಟ್ಟೆಗಳನ್ನು ನೋಡುತ್ತಿದ್ದರು. ಕೀವು ತರಿಸುವ ಸ್ಟೆಫಿಲೊಕಾಕಸ್ ರೋಗಾಣುಗಳನ್ನು ಬೆಳೆಸಿದ್ದ ಒಂದು ತಟ್ಟೆಯಲ್ಲಿ ಬೂಷ್ಟು ಹಿಡಿದಿತ್ತು. ಬೇರೆಯವರಾಗಿದ್ದರೆ ತೊಳೆದುಬಿಡುತ್ತಿದ್ದರು. ಬೂಷ್ಟಿನ ಸುತ್ತ ರೋಗಾಣುಗಳು ಕರಗಿಹೋಗಿರುವುದನ್ನು ಇವರು ಕಂಡರು. ಪೆನಿಸಿಲಿಯಂ ಜಾತಿಯ ಆ ಬೂಷ್ಟಿನ ರಸಕ್ಕೆ ಪೆನಿಸಿಲಿನ್ ಎಂದು ಹೆಸರಿಟ್ಟು, 1929ರಲ್ಲಿ ಲೇಖನವನ್ನು ಪ್ರಕಟಿಸಿದರು. ಬುಲೋನಿನ ಪಾಠವನ್ನು ಮರೆಯದೆ, ಅದು ಬಿಳಿಯ ರಕ್ತಕಣಗಳಿಗೆ ಹಾನಿ ಮಾಡುವುದಿಲ್ಲವೆಂದು ಮೊದಲು ಖಚಿತಪಡಿಸಿಕೊಂಡರು. ಪೆನಿಸಿಲಿನ್ ಕೆಲವು ರೋಗಾಣುಗಳನ್ನು ಕೊಲ್ಲುತ್ತದೆ, ಕೆಲವನ್ನು ಮುಟ್ಟುವುದೇ ಇಲ್ಲ ಎಂಬುದನ್ನೂ ಆ ಮೊದಲ ಲೇಖನದಲ್ಲಿಯೇ ಸ್ಪಷ್ಟಪಡಿಸಿದರು. ಸಕಲ ರೋಗಕ್ಕೂ ಒಂದೇ ಮದ್ದೆಂಬ ಭ್ರಮೆ ಅದನ್ನು ಕಂಡವರಿಗೆ ಎಂದೂ ಇರಲಿಲ್ಲ.

ಆ ರಸವನ್ನು ಶುದ್ಧವಾಗಿ ಬೇರ್ಪಡಿಸುವುದು ಫ್ಲೆಮಿಂಗರಿಂದ ಆಗಲಿಲ್ಲ. ಹತ್ತು ವರ್ಷಗಳ ಮೇಲೆ ಆಕ್ಸ್‌ಫರ್ಡಿನ ಹೋವರ್ಡ್ ಫ್ಲೋರಿ, ಅರ್ನ್ಸ್ಟ್ ಚೇನ್, ನಾರ್ಮನ್ ಹೀಟ್ಲಿ ಇವರು ಆ ಕೆಲಸಕ್ಕೆ ಕೈಹಾಕಿದರು. 1940ರ ಮೇ 25ರಂದು ಎಂಟು ಇಲಿಗಳಿಗೆ ರೋಗಾಣುಗಳನ್ನು ಚುಚ್ಚಿ, ನಾಲ್ಕಕ್ಕೆ ಮಾತ್ರ ಪೆನಿಸಿಲಿನ್ ಕೊಟ್ಟರು. ಔಷಧವಿಲ್ಲದ ನಾಲ್ಕೂ ಸತ್ತವು. 1941ರ ಫೆಬ್ರವರಿಯಲ್ಲಿ ದೇಹವೆಲ್ಲ ನಂಜೇರಿದ್ದ ಪೊಲೀಸ್ ಪೇದೆಯೊಬ್ಬನಿಗೆ ಅದನ್ನು ಕೊಟ್ಟಾಗ ಆಶ್ಚರ್ಯಕರವಾದ ಗುಣ ಕಂಡುಬಂತು. ಆದರೆ ಔಷಧದ ದಾಸ್ತಾನು ಮುಗಿಯಿತು. ಅವನ ಮೂತ್ರದಿಂದಲೂ ಪೆನಿಸಿಲಿನ್ನನ್ನು ಮರಳಿ ತೆಗೆದು ಕೊಟ್ಟರು, ಸಾಲಲಿಲ್ಲ. ರೋಗ ತಿರುಗಿಬಿದ್ದು, ಮಾರ್ಚಿಯಲ್ಲಿ ಅವನು ತೀರಿಕೊಂಡನು. ಅಂದು ಒಂದು ಹನಿಗಾಗಿ ಹಂಬಲಿಸಿದ ಔಷಧ ಇಂದು ನಮ್ಮ ಮನೆಗಳ ಗೂಡುಗಳಲ್ಲಿ ಅರೆಬರೆ ಖಾಲಿಯಾಗಿ ಬಿದ್ದಿರುವುದನ್ನು ನೆನೆದರೆ ನಾಚಿಕೆಯಾಗುತ್ತದೆ.

ಇನ್ನೊಂದು ಸಂಗತಿ. ಪೆನಿಸಿಲಿನ್ನನ್ನೇ ಒಡೆದುಹಾಕುವ ವಸ್ತುವನ್ನು ಕೆಲವು ರೋಗಾಣುಗಳು ತಾವೇ ತಯಾರಿಸುತ್ತವೆಂದು ಚೇನರೂ ಅವರ ಸಂಗಡಿಗರಾದ ಏಬ್ರಹಾಮರೂ 1940ರಲ್ಲಿಯೇ ಪ್ರಕಟಿಸಿದ್ದರು. ಔಷಧ ಇನ್ನೂ ರೋಗಿಯ ಬಳಿಗೆ ಬರುವ ಮೊದಲೇ ಅದರ ಪ್ರತಿವಿದ್ಯೆ ರೋಗಾಣುಗಳಿಗೆ ಗೊತ್ತಿತ್ತು.

ಅನಂತರದ ಕಥೆ ಎಲ್ಲರಿಗೂ ಗೊತ್ತಿರುವುದೇ. ಅಮೆರಿಕದ ನೆರವಿನಿಂದ ಪೆನಿಸಿಲಿನ್ ರಾಶಿರಾಶಿಯಾಗಿ ತಯಾರಾಗಿ, ಎರಡನೆಯ ಮಹಾಯುದ್ಧದಲ್ಲಿ ಅಸಂಖ್ಯ ಗಾಯಾಳುಗಳನ್ನು ಉಳಿಸಿತು. 1944ರಲ್ಲಿ ಫ್ಲೆಮಿಂಗರಿಗೆ ಸರ್ ಪದವಿ ಬಂದಿತು. 1945ರಲ್ಲಿ ಫ್ಲೋರಿ, ಚೇನ್ ಇವರೊಡನೆ ನೊಬೆಲ್ ಪಾರಿತೋಷಕವೂ ದೊರೆಯಿತು.

ಆ ವರ್ಷದ ಡಿಸೆಂಬರ್ 11ರಂದು ಸ್ಟಾಕ್‌ಹೋಮಿನಲ್ಲಿ ಮಾಡಿದ ಉಪನ್ಯಾಸದಲ್ಲಿ ಫ್ಲೆಮಿಂಗರು ತಮ್ಮ ಕೀರ್ತಿಯನ್ನು ಹಾಡಿಕೊಳ್ಳಲಿಲ್ಲ. ಕೊನೆಯಲ್ಲಿ ಅವರು ಹೇಳಿದ್ದು ಎಚ್ಚರಿಕೆಯ ಮಾತು. ರೋಗಾಣುಗಳು ಸಾಯದಷ್ಟು ಕಡಿಮೆ ಪ್ರಮಾಣದಲ್ಲಿ ಪೆನಿಸಿಲಿನ್ ತಗಲಿಸುತ್ತ ಹೋದರೆ ಅವು ಅದನ್ನು ತಾಳಿಕೊಳ್ಳಲು ಕಲಿಯುತ್ತವೆ. ಪ್ರಯೋಗಶಾಲೆಯಲ್ಲಿ ಇದು ಸುಲಭ, ಮನುಷ್ಯ ದೇಹದಲ್ಲಿಯೂ ಹೀಗೆ ಆಗಿರುವುದುಂಟು ಎಂದು ತಿಳಿಸಿದರು. ಮುಂದೆ ಪೆನಿಸಿಲಿನ್ ಅಂಗಡಿಗಳಲ್ಲಿ ಯಾರಿಗೆಂದರೆ ಅವರಿಗೆ ಸಿಗುವ ಕಾಲ ಬಂದೀತೆಂದು ಅಂಜಿದರು. ಗಂಟಲು ನೋವಿಗೆ ತಾನೇ ಅಷ್ಟಿಷ್ಟು ಔಷಧ ತೆಗೆದುಕೊಂಡು ರೋಗಾಣುಗಳನ್ನು ಪಳಗಿಸಿದ ಗಂಡನೊಬ್ಬನನ್ನೂ, ಅವೇ ರೋಗಾಣುಗಳು ಅಂಟಿ, ಯಾವ ಪೆನಿಸಿಲಿನ್ನಿಗೂ ಬಗ್ಗದೆ ಮಡಿದ ಅವನ ಹೆಂಡತಿಯನ್ನೂ ದೃಷ್ಟಾಂತವಾಗಿ ಕಲ್ಪಿಸಿ ಹೇಳಿದರು. ತಪ್ಪು ಮಾಡಿದವನು ಒಬ್ಬ. ಪ್ರಾಣ ಕೊಟ್ಟವಳು ಇನ್ನೊಬ್ಬಳು. ಈ ದೃಷ್ಟಾಂತದ ತಿರುಳು ಇದೇ.

ಅವರ ಮಾತು ಸತ್ಯವಾಗಲು ಬಹುಕಾಲ ಹಿಡಿಯಲಿಲ್ಲ. ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ ಮೇರಿ ಬಾರ್ಬರ್ ಎಂಬ ವಿದುಷಿ ಲೆಕ್ಕವಿಟ್ಟು ನೋಡಿದಾಗ, 1946ರಲ್ಲಿ ಸುಮಾರು ಏಳರಲ್ಲಿ ಒಂದು ಪಾಲಿನಷ್ಟಿದ್ದ ಪೆನಿಸಿಲಿನ್ನಿಗೆ ಬಗ್ಗದ ಸ್ಟೆಫಿಲೊಕಾಕಸ್, 1948ರ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚಾಗಿತ್ತು. ಬ್ರಿಟನ್ನಿನಲ್ಲಿ 1947ರ ಕಾಯಿದೆಯಿಂದ, ವೈದ್ಯರ ಚೀಟಿಯಿಲ್ಲದೆ ಪೆನಿಸಿಲಿನ್ ಮಾರುವುದನ್ನು ನಿಷೇಧಿಸಲಾಯಿತು.

1949ರಲ್ಲಿ ಫ್ಲೆಮಿಂಗರ ಪತ್ನಿ ತೀರಿಕೊಂಡರು. 1953ರಲ್ಲಿ ಅವರು ಗ್ರೀಸ್ ದೇಶದ ವೈದ್ಯೆ ಅಮಾಲಿಯಾ ಅವರನ್ನು ವಿವಾಹವಾದರು. 1955ರ ಮಾರ್ಚ್ 11ರಂದು ಹೃದಯಾಘಾತದಿಂದ ಲಂಡನ್ನಿನ ತಮ್ಮ ಮನೆಯಲ್ಲಿ ಕಾಲವಾದರು. ಅವರ ಚಿತಾಭಸ್ಮವನ್ನು ಸೇಂಟ್ ಪಾಲ್ ಮಹಾಮಂದಿರದಲ್ಲಿ ಇಡಲಾಗಿದೆ. ಮಗ ರಾಬರ್ಟರು ಸಾಮಾನ್ಯ ವೈದ್ಯವೃತ್ತಿಯನ್ನು ಹಿಡಿದರು.

ಅವರು ತೀರಿಕೊಳ್ಳುವ ಹಿಂದಿನ ವರ್ಷ, 1954ರಲ್ಲಿ, ಪುಣೆಯ ಬಳಿಯ ಪಿಂಪರಿಯಲ್ಲಿ ಹಿಂದುಸ್ಥಾನ್ ಆಂಟಿಬಯೋಟಿಕ್ಸ್ ಸಂಸ್ಥೆ ಹುಟ್ಟಿ, ನಮ್ಮ ದೇಶದಲ್ಲಿಯೇ ಪೆನಿಸಿಲಿನ್ ತಯಾರಾಗುವ ದಾರಿಯಾಯಿತು. ಮೈಸೂರು ನಾಡಿನವರಾದ ಎಂ. ಜೆ. ತಿರುಮಲಾಚಾರ್ಯರು ಆ ಸಂಸ್ಥೆಯಲ್ಲಿ ದುಡಿದು, ಬೂಷ್ಟುರೋಗಗಳಿಗೆ ಮದ್ದಾದ ಹ್ಯಾಮೈಸಿನ್ ಕಂಡುಹಿಡಿದದ್ದು ಕನ್ನಡಿಗರಿಗೆ ಹೆಮ್ಮೆಯ ವಿಷಯ. 1981ರಲ್ಲಿ ಬೆಂಗಳೂರಿನಲ್ಲಿಯೂ ಕರ್ನಾಟಕ ಆಂಟಿಬಯೋಟಿಕ್ಸ್ ಸಂಸ್ಥೆ ಸ್ಥಾಪಿತವಾಯಿತು. ಔಷಧ ನಮ್ಮ ಹಳ್ಳಿಹಳ್ಳಿಗೂ ಬಂದಿತು. ಆದರೆ ಔಷಧ ಬಂದ ದಾರಿಯಲ್ಲಿ ಫ್ಲೆಮಿಂಗರ ಎಚ್ಚರಿಕೆ ಬರಲಿಲ್ಲ.

ಈಗ ನಮ್ಮ ಮನೆಯ ಸಂಗತಿಯನ್ನು ಹೇಳಬೇಕು. ನನ್ನ ಊರು ಜೋಯಿಡಾ ತಾಲೂಕಿನ ಕುಂಬಾರವಾಡ. ಸುತ್ತ ಕಾಡು, ಮಳೆಗಾಲವೆಂದರೆ ಬಲು ಜೋರು. ಕಳೆದ ವರ್ಷದ ಮಳೆಯಲ್ಲಿ ತಂಗಿಗೆ ನೆಗಡಿ, ಕೆಮ್ಮು, ಮೈಬಿಸಿ ಬಂದವು. ಎರಡನೆಯ ದಿನ ಅವಳನ್ನು ಬಸ್ಸಿನಲ್ಲಿ ಪೇಟೆಯ ವೈದ್ಯರೊಬ್ಬರ ಬಳಿಗೆ ಕರೆದೊಯ್ದೆ. ಅವರು ಎದೆಗೆ ನಳಿಕೆಯಿಟ್ಟು ನೋಡಿ, ಇದು ತಾನಾಗಿ ಇಳಿಯುವ ಜ್ವರವೆಂದೂ, ಬಿಸಿನೀರು ಕುಡಿಸಿ ಜ್ವರದ ಗುಳಿಗೆ ಕೊಟ್ಟರೆ ಸಾಕೆಂದೂ, ಮೂರು ದಿನ ಮೀರಿದರೆ ಅಥವಾ ಉಸಿರು ಏರಿದರೆ ಕರೆತರಬೇಕೆಂದೂ ಹೇಳಿದರು. ನನಗೆ ಸಮಾಧಾನವಾಗಲಿಲ್ಲ. ಆಯಿ ಒಂದು ದಿನದ ಕೂಲಿ ಬಿಟ್ಟು ಬಂದಿದ್ದಳು. ಬಸ್ಸಿನ ಖರ್ಚು ಬೇರೆ. ಬಿಸಿನೀರಿನ ಮಾತು ಕೇಳಲು ಇಷ್ಟು ದೂರ ಬರಬೇಕೇ? ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವನು ನಾನೊಬ್ಬನೇ ಆದ್ದರಿಂದ ಮಾತನಾಡುವ ಅಧಿಕಾರ ನನ್ನದಾಗಿತ್ತು. ಜೋರಾದ ಗುಳಿಗೆ ಬರೆದುಕೊಡಬೇಕೆಂದು ಹಟ ಹಿಡಿದೆ. ಹೊರಗೆ ಬಾಗಿಲಿನವರೆಗೂ ಜನರ ಸಾಲಿತ್ತು. ವೈದ್ಯರು ಒಂದು ಕ್ಷಣ ನನ್ನ ಮುಖ ನೋಡಿ ಬರೆದುಕೊಟ್ಟರು. ನಾನು ಗೆದ್ದೆನೆಂದುಕೊಂಡೆ.

ಎರಡು ದಿನಕ್ಕೆ ತಂಗಿ ಎದ್ದು ಆಡತೊಡಗಿದಳು. ಗುಳಿಗೆ ಇಲ್ಲದಿದ್ದರೂ ಏಳುತ್ತಿದ್ದಳೆಂದು ಈಗ ತಿಳಿದಿದೆ. ಉಳಿದ ಕ್ಯಾಪ್ಸೂಲುಗಳನ್ನು ಮುಂದೆ ಬೇಕಾದೀತೆಂದು ನಾನೇ ಗೋಡೆಯ ಗೂಡಿನ ಡಬ್ಬಿಯಲ್ಲಿಟ್ಟೆ. ಎರಡು ತಿಂಗಳ ಮೇಲೆ ಅಪ್ಪನ ಕಾಲಿಗೆ ಕತ್ತಿ ತಗಲಿತು. ಗಾಯ ಕೀವಾಗತೊಡಗಿದಾಗ ಡಬ್ಬಿ ತೆಗೆದು ಕೊಟ್ಟವನೂ ನಾನೇ. ಎರಡು ದಿನ ನುಂಗಿದರು. ನೋವು ತಗ್ಗಿದಂತಾಗಿ ಕೆಲಸಕ್ಕೆ ಹೋದರು. ಐದನೆಯ ದಿನ ಕಾಲು ಮೊಣಕಾಲಿನವರೆಗೆ ಊದಿಕೊಂಡು, ಆಸ್ಪತ್ರೆಗೆ ಸೇರಿಸಬೇಕಾಯಿತು. ಮೊದಲು ಯಾವ ಔಷಧ ಕೊಟ್ಟಿರೆಂದು ಅಲ್ಲಿಯ ವೈದ್ಯೆ ಕೇಳಿದಾಗ ಖಾಲಿ ಹಾಳೆಯನ್ನು ಮುಂದೆ ಹಿಡಿದೆ. ಅವರು ಬೈಯಲಿಲ್ಲ. ಹಾಳೆಯ ಹಿಂಬದಿಯ ಕೆಂಪು ಗೆರೆಯನ್ನು ಬೆರಳಿನಿಂದ ತೋರಿಸಿ, ಇದನ್ನು ಓದಿದ್ದೀಯಾ ಎಂದು ಮಾತ್ರ ಕೇಳಿದರು. ಇಂಗ್ಲಿಷ್ ಬಲ್ಲವನು ಮನೆಯಲ್ಲಿ ನಾನೊಬ್ಬನೇ. ನಾನು ಓದಿರಲಿಲ್ಲ. ಆ ಹಳೆಯ ಕ್ಯಾಪ್ಸೂಲುಗಳಿಂದಲೇ ಕಾಲು ಕೆಟ್ಟಿತೆಂದು ನಾನು ಹೇಳಲಾರೆ. ಆದರೆ ಅವುಗಳನ್ನು ನಂಬಿ ಐದು ದಿನ ಕಳೆದೆವೆಂಬುದು ನಿಜ. ಅಪ್ಪನ ಕಾಲು ಉಳಿಯಿತು. ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತಿದ್ದ ಆ ದಿನಗಳಲ್ಲಿಯೇ ನಾನು ಫ್ಲೆಮಿಂಗರ ಚರಿತ್ರೆಯನ್ನು ಓದತೊಡಗಿದೆ.

ನೆಗಡಿ, ಬಹುಪಾಲು ಗಂಟಲು ನೋವು, ಬಹುಪಾಲು ಕೆಮ್ಮು ಇವು ವೈರಸ್ಸಿನಿಂದ ಬರುವಂಥವು. ಆಂಟಿಬಯೋಟಿಕ್ಕುಗಳು ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತವೆಯೇ ಹೊರತು ವೈರಸ್ಸುಗಳನ್ನಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟು, ನಮ್ಮ ಜಿಲ್ಲೆಯ ಸಿದ್ದಾಪುರದ ಕಡೆಯೂ ಜನರನ್ನು ಕಾಡಿರುವ ಮಂಗನ ಕಾಯಿಲೆಯೂ ವೈರಸ್ಸಿನದೇ. ಹಾಗೆಂದು ಆಂಟಿಬಯೋಟಿಕ್ ಬೇಡವೇ ಬೇಡವೆನ್ನುವುದೂ ತಪ್ಪು. ಗದ್ದೆಯ ಕೆಸರಿನಲ್ಲಿ ದುಡಿಯುವವರಿಗೆ ಮಳೆಗಾಲದಲ್ಲಿ ಬರುವ ಇಲಿಜ್ವರಕ್ಕೆ ಬೇಗನೆ ಆಂಟಿಬಯೋಟಿಕ್ ಕೊಡದಿದ್ದರೆ ಪ್ರಾಣಕ್ಕೆ ಅಪಾಯ. ಆ ಜ್ವರ ತೀವ್ರವಾದಾಗ ಫ್ಲೆಮಿಂಗರ ಪೆನಿಸಿಲಿನ್ನೇ ಇಂದಿಗೂ ಕೆಲಸಕ್ಕೆ ಬರುತ್ತದೆ. ಯಾವ ಜ್ವರಕ್ಕೆ ಬೇಕು, ಯಾವುದಕ್ಕೆ ಬೇಡ, ಯಾವುದು, ಎಷ್ಟು, ಎಷ್ಟು ದಿನ ಎಂದು ತೂಗಿ ನೋಡುವುದೇ ವೈದ್ಯರ ವಿದ್ಯೆ. ರೋಗಿಯ ಹಟಕ್ಕೆ ಆ ತಕ್ಕಡಿ ಬಾಗಬಾರದು.

ಆದರೆ ವೈದ್ಯರನ್ನೇ ದೂರಿ ಫಲವೇನು? ಸಾಲಿನಲ್ಲಿ ನೂರು ಜನ ನಿಂತಿರುವಾಗ ಬೇಡವೆಂದು ವಿವರಿಸುವುದಕ್ಕಿಂತ ಬರೆದುಕೊಡುವುದು ಸುಲಭ. ಬರೆಯದಿದ್ದರೆ ರೋಗಿ ಇನ್ನೊಬ್ಬರ ಬಳಿಗೋ ನೇರವಾಗಿ ಔಷಧದಂಗಡಿಗೋ ಹೋಗುತ್ತಾನೆ. ಜ್ವರ ಏರಿದರೆ ಅಪವಾದ ತಮ್ಮ ತಲೆಗೆ ಬರುವ ಅಂಜಿಕೆಯೂ ಇದೆ. ಬುಲೋನಿನ ಶಸ್ತ್ರವೈದ್ಯರಂತೆ ಇವರಿಗೂ ಕೈತಡೆದು ನಿಲ್ಲುವುದು ಕಷ್ಟ. ಆದ್ದರಿಂದ ಅವರಿಗೆ ಬುದ್ಧಿ ಹೇಳುವುದಕ್ಕಿಂತ ಧೈರ್ಯ ಕೊಡುವ ಉಪಾಯಗಳನ್ನು ಹುಡುಕಬೇಕು. ಇಂಗ್ಲೆಂಡಿನಲ್ಲಿ 2014ರಲ್ಲಿ, ತಮ್ಮ ಸೀಮೆಯ ಶೇಕಡಾ 80ರಷ್ಟು ಚಿಕಿತ್ಸಾಲಯಗಳಿಗಿಂತ ಹೆಚ್ಚಾಗಿ ಆಂಟಿಬಯೋಟಿಕ್ ಬರೆಯುತ್ತಿದ್ದ ವೈದ್ಯರಿಗೆ ಮುಖ್ಯ ವೈದ್ಯಾಧಿಕಾರಿಯವರು ಆ ಸಂಗತಿಯನ್ನು ತಿಳಿಸಿ ಒಂದು ಕಾಗದ ಬರೆದರು. ದಂಡವಿಲ್ಲ, ಬೆದರಿಕೆಯಿಲ್ಲ. ಅಷ್ಟರಿಂದಲೇ ಆರು ತಿಂಗಳಲ್ಲಿ ಸುಮಾರು 73 ಸಾವಿರ ಚೀಟಿಗಳು ಕಡಿಮೆಯಾದವು. ಅಮೆರಿಕದ ಲಾಸ್ ಏಂಜಲೀಸಿನಲ್ಲಿ, ಅನಗತ್ಯವಾಗಿ ಆಂಟಿಬಯೋಟಿಕ್ ಬರೆಯುವುದಿಲ್ಲವೆಂಬ ಪ್ರತಿಜ್ಞೆಗೆ ಸಹಿ ಹಾಕಿ, ಭಾವಚಿತ್ರದೊಡನೆ ತಮ್ಮ ಕೋಣೆಯ ಗೋಡೆಗೆ ಅಂಟಿಸಿಕೊಂಡ ವೈದ್ಯರು ಅನಗತ್ಯ ಚೀಟಿಗಳನ್ನು ಗಣನೀಯವಾಗಿ ತಗ್ಗಿಸಿದರು. ಗೋಡೆಯ ಮೇಲಿನ ಆ ಕಾಗದ ರೋಗಿಗೂ ಉತ್ತರ ಹೇಳುತ್ತದೆ, ವೈದ್ಯರಿಗೂ ಅವರ ಮಾತನ್ನು ನೆನಪಿಸುತ್ತದೆ.

ನಮ್ಮ ದೇಶವೂ ಸುಮ್ಮನಿಲ್ಲ. 2014ರಿಂದ ಎಚ್-1 ಪಟ್ಟಿಯ ನಿಯಮದಂತೆ ಪ್ರಬಲವಾದ ಅನೇಕ ಆಂಟಿಬಯೋಟಿಕ್ಕುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಮಾರಿದ್ದನ್ನು ಅಂಗಡಿಯವರು ಪುಸ್ತಕದಲ್ಲಿ ಬರೆದಿಡಬೇಕು. 2016ರಲ್ಲಿ ಕೆಂಪು ಗೆರೆಯ ಪ್ರಚಾರ ಆರಂಭವಾಯಿತು. ಆ ಗೆರೆಯಿರುವ ಔಷಧವನ್ನು ವೈದ್ಯರು ಹೇಳದೆ ನುಂಗಬಾರದೆಂದು ಅದರ ಅರ್ಥ. 2024ರ ಜನವರಿಯಲ್ಲಿ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶಕರು, ಆಂಟಿಬಯೋಟಿಕ್ ಬರೆಯುವಾಗ ಏತಕ್ಕಾಗಿ ಎಂಬ ಕಾರಣವನ್ನೂ ಚೀಟಿಯಲ್ಲಿ ಬರೆಯಬೇಕೆಂದು ವೈದ್ಯರನ್ನು ಕೇಳಿಕೊಂಡರು. ಒಂದು ಸಾಲು ಕಾರಣ ಬರೆಯಬೇಕಾದಾಗ ಕೈ ತಾನಾಗಿ ಒಂದು ಕ್ಷಣ ನಿಲ್ಲುತ್ತದೆ. ಆ ಒಂದು ಕ್ಷಣದಿಂದಲೇ ಎಷ್ಟೋ ಔಷಧ ಉಳಿದೀತು. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳಿಂದಲೇ 2019ರಲ್ಲಿ ಜಗತ್ತಿನಲ್ಲಿ ಸುಮಾರು 12 ಲಕ್ಷ 70 ಸಾವಿರ ಜನ ಸತ್ತರೆಂಬ ಅಂದಾಜನ್ನು ನೋಡಿದರೆ ಇದು ಸಣ್ಣ ಮಾತಲ್ಲವೆಂದು ತಿಳಿಯುತ್ತದೆ.

ಪ್ರಿಯ ಸಹಪಾಠಿಗಳೇ, ನಮ್ಮಲ್ಲಿ ಅನೇಕರು ನಮ್ಮ ಮನೆಗಳ ಮೊದಲ ಪದವೀಧರರು. ರೋಗಿಯೊಡನೆ ಆಸ್ಪತ್ರೆಗೆ ಹೋಗುವವರೂ ಚೀಟಿ ಓದುವವರೂ ನಾವೇ. ವೈದ್ಯರ ಮುಂದೆ ನಾವು ಮಾಡುವ ಹಟ ಒಂದು ಚೀಟಿಯನ್ನು ಕೆಡಿಸಬಲ್ಲದು; ನಮ್ಮ ತಾಳ್ಮೆ ಒಂದನ್ನು ಸರಿಪಡಿಸಬಲ್ಲದು. ಇದಕ್ಕೆ ಆಂಟಿಬಯೋಟಿಕ್ ಬೇಕೇ ಎಂದು ವಿನಯದಿಂದ ಕೇಳೋಣ. ಬೇಡವೆಂದರೆ ಸಂತೋಷದಿಂದ ಎದ್ದು ಬರೋಣ. ಯಾವ ಲಕ್ಷಣ ಕಂಡರೆ ಮರಳಿ ಬರಬೇಕೆಂದು ಕೇಳಿ ತಿಳಿಯೋಣ. ಬೇಕೆಂದರೆ ಅವರು ಹೇಳಿದಷ್ಟು ದಿನ ತಪ್ಪದೆ ಕೊಡೋಣ. ಉಳಿಸಿ ಡಬ್ಬಿಯಲ್ಲಿಡುವುದು ಬೇಡ.

ಹೊಲಮನೆಯಲ್ಲಿ ಹುಟ್ಟಿ, ಗುಮಾಸ್ತಗಿರಿ ಮಾಡಿ, ಬೂಷ್ಟು ಹಿಡಿದ ತಟ್ಟೆಯೊಂದನ್ನು ಬಿಸಾಡದೆ ನೋಡಿದ ಆ ಮಹನೀಯರಿಗೆ ನಾವು ಸಲ್ಲಿಸಬಹುದಾದ ಗೌರವ ಇದು. ನಮ್ಮ ಮನೆಯ ಗೂಡಿನ ಡಬ್ಬಿ ಈಗ ಖಾಲಿಯಾಗಿದೆ. ಆಯಿ ಅದರಲ್ಲಿ ಸೂಜಿದಾರ ಇಟ್ಟುಕೊಂಡಿದ್ದಾಳೆ.